ನಾಲ್ಕು ಬೆರಳು ಅಂತರ

ಹನ್ನೊಂದು ಶರತ್ಕಾಲ ಬೇಟೆಯವರಿಗೆ ಸೂಪು ಕಾಯಿಸಿದವಳು ನಾನು,
ಬೆಳಿಗ್ಗೆ ಸಂಜೆ ಶಾಲೆಯ ಬಸ್ಸು ಓಡಿಸುವವಳು.
ಈ ಸಲ ಒಸ್ಮೊನ ಮಂಡಿ ಕೈಕೊಟ್ಟಿತು.
ಏಳನೆಯ ಕಾವಲು ಖಾಲಿ.
"ಯಾರಾದರೂ ಬೇಕಲ್ಲ," ಎಂದರು, ನನ್ನ ಮುಖ ನೋಡದೆ,
ಬಟ್ಟಲು ಮುಂದೆ ಚಾಚುತ್ತ.

ಹಾಗಾಗಿ ಕುಹ್ಮೊ ಪೇಟೆಯ ತೈಸ್ತೊನ ಅಂಗಡಿಯಲ್ಲಿ
ಒದ್ದೆ ಬೂಟಿನಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ
ಮೊದಲ ರೈಫಲ್ಲು ಕೊಳ್ಳಲು ನಿಂತೆ.
ಗೋಡೆಗೆ ಸಾಲಾಗಿ ಒರಗಿದ್ದವು,
ಸೌನಾದ ಸರದಿ ಕಾಯುವ ಗಂಡಸರ ಹಾಗೆ.

ಎಲ್ಲರ ಬಳಿಯೂ ಸಲಹೆ ಇತ್ತು. ಸಲಹೆಗೆ ಕಾಸಿಲ್ಲ.
ಒಬ್ಬ ಮುನ್ನೂರ ಎಂಟು ಅಂದ, ಒಬ್ಬ ಮುನ್ನೂರ ಮೂವತ್ತೆಂಟು,
"ಮೂಸ್ ಅಂದರೆ ಮೊಲವಲ್ಲ ಕಣೆ, ನಾನೂರು ಕಿಲೊ!"
ಒಸ್ಮೊ ತನ್ನದನ್ನೇ ಕೊಡುತ್ತೇನೆಂದ, ಅರ್ಧ ಬೆಲೆಗೆ.
ಅವನ ಬಲಹುಬ್ಬಿನ ಮೇಲೊಂದು ಅರ್ಧಚಂದ್ರ,
ಅವನದೇ ದುರ್ಬೀನು ಹಿಂದಕ್ಕೆ ಒದ್ದು ಒತ್ತಿದ ಮುದ್ರೆ.
ಕೇಳಿದರೆ, ಐಸ್ ಮೇಲೆ ಜಾರಿದೆ ಅನ್ನುತ್ತಾನೆ.

ತೈಸ್ತೊ ಗುಂಡಿನ ಮಾತೇ ಎತ್ತಲಿಲ್ಲ.
ಮೊಣಕೈ ಮಡಿಸು ಎಂದ, ದರ್ಜಿಯಂತೆ ಪಟ್ಟಿ ಹಿಡಿದು.
ಕಾಡಿಗೆ ಹೋಗುವಾಗ ಎಷ್ಟು ಅಂಗಿ? ಮೂರು, ಎಂದೆ.
"ಹಾಗಾದರೆ ಹಿಡಿ ಎರಡು ಬೆರಳು ಗಿಡ್ಡ ಇರಲಿ.
ಕೆನ್ನೆ ಮರಕ್ಕೆ ತಾಗಬೇಕು, ಕಬ್ಬಿಣಕ್ಕಲ್ಲ.
ಜನವರಿಯಲ್ಲಿ ಕಬ್ಬಿಣ ಮುತ್ತು ಕೊಟ್ಟರೆ ಚರ್ಮ ವಾಪಸು ಕೊಡುವುದಿಲ್ಲ."

ನಾನು ದೊಡ್ಡ ದುರ್ಬೀನು ಕೇಳಿದೆ, ಹನ್ನೆರಡು ಪಟ್ಟಿನದು.
ಕಿಟಕಿಯಾಚೆ, ಸರೋವರದ ಆ ದಡದಲ್ಲಿ
ಯಾರೋ ಒಣಹಾಕಿದ ಜಮಖಾನೆಯ ಗಂಟು ಎಣಿಸಬಹುದಿತ್ತು.
ಅವನು ನಕ್ಕ: "ನಿನ್ನ ಏಳನೆಯ ಕಾವಲು ನನಗೆ ಗೊತ್ತು.
ಸ್ಪ್ರೂಸ್ ಮರಗಳ ನಡುವೆ ನಲವತ್ತು ಹೆಜ್ಜೆ, ಅಷ್ಟೇ ಬಯಲು.
ನಾಯಿ ಅಟ್ಟಿಕೊಂಡು ಬಂದಾಗ ಈ ಗಾಜಿನಲ್ಲಿ
ಕಾಣುವುದು ಬರೀ ಕೂದಲು.
ಯಾವ ಕಡೆಯ ಕೂದಲೋ ದೇವರೇ ಬಲ್ಲ."
ಕೈಗಿತ್ತದ್ದು ಸಣ್ಣದು, ಒಂದರಿಂದ ಆರು.
ಒಂದರಲ್ಲಿ ಲೋಕ ಇದ್ದ ಹಾಗೇ ಇತ್ತು,
ನಡುವೆ ಒಂದು ಕೆಂಪು ಚುಕ್ಕಿ ಬಿಟ್ಟರೆ.

"ಈಗ ಎರಡೂ ಅಂಗೈ ಕೂಡಿಸಿ ಒಂದು ಕಿಂಡಿ ಮಾಡು.
ಎರಡೂ ಕಣ್ಣು ತೆರೆದು ಆ ಗಡಿಯಾರ ನೋಡು.
ಎಡಗಣ್ಣು ಮುಚ್ಚು."

ಗಡಿಯಾರ ಹೋಯಿತು.
ಬೋಳು ಗೋಡೆ, ಒಂದು ಮೊಳೆ.
ಮತ್ತೆ ಮಾಡಿದೆ. ಮತ್ತೆ ಹೋಯಿತು.

"ನಿನ್ನ ಯಜಮಾನ ಕಣ್ಣು ಎಡದ್ದು," ಎಂದ,
ನಾಳೆ ಮೋಡವಿದೆ ಎಂದು ಹೇಳಿದಂತೆ.
ನಲವತ್ತಾರು ವರ್ಷ ಯಾರೂ ಕೇಳಿರಲಿಲ್ಲ.
ಅಜ್ಜಿ ಚಮಚವನ್ನು ಆ ಕೈಯಿಂದ ಈ ಕೈಗೆ ಬದಲಿಸುತ್ತಿದ್ದಳು,
ಒಂದು ಮಾತೂ ಆಡದೆ, ದಿನಕ್ಕೆ ಮೂರು ಸಲ.
ಈಗ ನೆನಪಾಯಿತು, ಚಮಚದ ತಣ್ಣನೆ ತುದಿಯ ಸಮೇತ.

ಮೂಲೆಯಿಂದ ಒಂದನ್ನು ತಂದ, ಬೋಲ್ಟಿನ ಹಿಡಿಕೆ ಎಡಕ್ಕೆ.
ಮೂರು ವರ್ಷದಿಂದ ಯಾರೂ ಮುಟ್ಟಿಲ್ಲ, ಬೆಲೆ ಇಳಿಸುತ್ತೇನೆ ಎಂದ.
ಸಣ್ಣ ದುರ್ಬೀನು ಕೂರಿಸಿ, ತಿರುಪು ಬಿಗಿಯದೆ, ಕೊಟ್ಟ.
ಕಣ್ಣು ಮುಚ್ಚಿ ಭುಜಕ್ಕೇರಿಸಿದೆ, ತೆರೆದೆ.
ಹುಡುಕದೆಯೇ ಚುಕ್ಕಿ ಅಲ್ಲಿತ್ತು.
ಕಣ್ಣಿಗೂ ಗಾಜಿಗೂ ನಡುವೆ ಬೆರಳಿಟ್ಟು ಅಳೆದ, ನಾಲ್ಕು.
"ಇಷ್ಟು ದೂರ. ಆಸೆಪಟ್ಟು ಹತ್ತಿರ ಹೋದರೆ ಒದೆಯುತ್ತದೆ."
ಕುದುರೆಯ ಮೇಲೆ ಬೆರಳಿಡಲು ಬಿಡಲಿಲ್ಲ.
ಪರವಾನಗಿಗೆ ನಾಲ್ಕು ವಾರ. ಕಂತು ಹತ್ತು.

ಮರುದಿನ ಬಸ್ಸಿನ ಕಿಟಕಿಗಳಿಗೆಲ್ಲ ಮಕ್ಕಳ ಉಸಿರಿನ ಮಂಜು.
ಕೊನೆಯ ನಿಲ್ದಾಣದ ಸೈಮಿ, ಎಂಟು ವರ್ಷದವಳು,
ಬೆರಳಿನಲ್ಲಿ ಏನೋ ಬರೆಯುತ್ತಿದ್ದಳು, ಎಡಗೈಯ ಬೆರಳಿನಲ್ಲಿ.
ಎರಡು ವರ್ಷದಿಂದ ಅವಳನ್ನು ಕನ್ನಡಿಯಲ್ಲೇ ಕಂಡಿದ್ದೇನೆ,
ಕನ್ನಡಿ ಕೈ ಬದಲಿಸಿಬಿಡುತ್ತದೆ.
ಇವತ್ತು ಗಾಡಿ ನಿಲ್ಲಿಸಿ ತಿರುಗಿ ನೋಡಿದೆ.
ಉದ್ದ ಕಾಲು, ಗೂನು ಭುಜ, ಇಳಿಬಿದ್ದ ಮೂತಿ.
ಮೂಸ್, ಎಂದಳು.
ಕೊಂಬು ಮರೆತೆಯಲ್ಲ, ಎಂದೆ.

ಮರೆತಿಲ್ಲ. ಇದು ಹೆಣ್ಣು.